ತಿರುವಿನ ಕಂಬಕ್ಕೊಂದು ಪ್ರಶ್ನೆ

ಟಿಓಆರ್ ಬರೆಯುವುದೆಂದರೆ ನಮ್ಮ ಆಫೀಸಿನಲ್ಲಿ ಎಲ್ಲರೂ ಜಾರಿಕೊಳ್ಳುವ ಕೆಲಸ. ಒಂದು ಯೋಜನೆ ಮುಗಿದ ಮೇಲೆ ಅದರಿಂದ ಏನಾಯಿತೆಂದು ನೋಡಲು, ಅಂದರೆ ಇವ್ಯಾಲ್ಯುಯೇಶನ್ನಿಗೆ, ಹೊರಗಿನ ಮೌಲ್ಯಮಾಪಕರೊಬ್ಬರನ್ನು ಕರೆಸುತ್ತೇವೆ. ಅವರು ಯಾವ ಊರಿಗೆ ಹೋಗಬೇಕು, ಯಾರನ್ನು ಕಾಣಬೇಕು, ಏನು ಕೇಳಬೇಕು ಎಂದು ಮೊದಲೇ ಬರೆದುಕೊಡುವ ಕಾಗದ ಅದು. ಅದರಲ್ಲಿ ಕೇಳದೆ ಬಿಟ್ಟದ್ದನ್ನು ಆಮೇಲೆ ಯಾರೂ ನೋಡುವುದಿಲ್ಲ. ಆದರೂ ಹೆಚ್ಚಿನವರು ಹಳೆಯದೊಂದನ್ನು ತೆರೆದು, ಊರಿನ ಹೆಸರು ಬದಲಿಸಿ ಕೈ ತೊಳೆದುಕೊಳ್ಳುತ್ತಾರೆ. ನನಗೆ ಅದನ್ನು ಕಂಡರೆ ಮೈಯೆಲ್ಲ ಉರಿಯುತ್ತದೆ.

ಗುಬ್ಬಿ, ಕುಣಿಗಲ್ ತಾಲ್ಲೂಕಿನ ಕೆಲವು ಹಳ್ಳಿಗಳಿಗೆ ನಾವು ಸೋಲಾರ್ ಬೀದಿ ದೀಪ ಹಾಕಿಸಿದ್ದೆವು. ಅದರ ಟಿಓಆರ್ ನನ್ನ ಪಾಲಿಗೆ ಬಂತು. ಶೆಟ್ಟಿಹಳ್ಳಿಯ ನಮ್ಮ ಆಫೀಸಿನ ಮುಖ್ಯಸ್ಥೆ, ನಾವೆಲ್ಲ ಮೇಡಂ ಅನ್ನುವವರು, ಅಂಗನವಾಡಿ ಯೋಜನೆಯ ಹಳೇ ಪ್ರತಿಯನ್ನು ಕೈಗಿಟ್ಟರು. ಅದರಲ್ಲಿ ಹಳ್ಳಿ ಭೇಟಿಯ ಸಮಯ ಬೆಳಿಗ್ಗೆ ಹತ್ತರಿಂದ ಸಂಜೆ ಐದು ಎಂದಿತ್ತು.

"ಬೀದಿ ದೀಪ ನೋಡೋಕೆ ಮಟಮಟ ಮಧ್ಯಾಹ್ನ ಕಳಿಸೋದಾ ಮೇಡಂ?" ಅಂದೆ.

ಅವರಿಗೂ ನಗು ಬಂತು. "ಟೈಮ್ ತಿದ್ಕೊಳ್ರಿ. ಪ್ರಶ್ನೆ ಮಾತ್ರ ಜಾಸ್ತಿ ಮಾಡ್ಬೇಡಿ. ದೀಪ ಉರೀತಿದ್ಯಾ, ಇಲ್ವಾ, ಅಷ್ಟೇ. ಒಂದೂ ಆಫ್ ಆಗಿರ್ಬಾರ್ದು. ಎಲ್ಲಾ ಉರೀತಿದ್ರೆ ಎರಡನೇ ಹಂತದ ಕೆಲ್ಸಾನೂ ನಮ್ಗೇ ಸಿಗುತ್ತೆ."

ನೋಡದೆ ಬರೆಯುವ ಜಾಯಮಾನ ನನ್ನದಲ್ಲ. ಮೊದಲು ಮಾರ್ಕೋನಹಳ್ಳಿ ಕಡೆ ಹೋಗಿ ಬಂದೆ. ಅಲ್ಲಿ ಹೆಂಗಸರು ಕಂಬದ ಕೆಳಗೇ ಅವರೆಕಾಯಿ ಸುಲಿಯುತ್ತಾ ಹರಟುತ್ತಿದ್ದರು. ಖುಷಿಯಾಯಿತು. ಆಮೇಲೆ ಗುಬ್ಬಿ ತಾಲ್ಲೂಕಿನ ಒಂದು ಹಳ್ಳಿಗೆ ಹೋದೆ.

ಬಸ್ಸಿಳಿದಾಗ ಹೊತ್ತು ಮುಳುಗುತ್ತಿತ್ತು. ನೋಡುತ್ತಿದ್ದಂತೆ ದೀಪಗಳು ತಾವಾಗಿಯೇ ಹೊತ್ತಿಕೊಂಡವು. ಇವಕ್ಕೆ ಸ್ವಿಚ್ ಇಲ್ಲ. ಕತ್ತಲಾದರೆ ಮಂಕಾಗಿ ಹೊತ್ತಿಕೊಂಡು, ಕೆಳಗೆ ಯಾರಾದರೂ ಬಂದರೆ ಪ್ರಕಾಶ ಹೆಚ್ಚಿಸಿಕೊಂಡು, ಅವರು ದಾಟಿದ ಮೇಲೆ ಮತ್ತೆ ಮಂಕಾಗುತ್ತವೆ. ನಾನು ನಡೆದಂತೆ ಒಂದೊಂದೇ ಕಂಬ ಬೆಳಗಿ ಹಿಂದೆ ಸರಿಯಿತು. ಆದರೆ ಬೀದಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಜಗಲಿಗಳು ಖಾಲಿ. ಒಳಗೆ ಟಿವಿ ಸದ್ದು ಕೇಳುತ್ತಿತ್ತು, ಬಾಗಿಲು ಮಾತ್ರ ಹಾಕಿತ್ತು.

ಬೀದಿ ತಿರುಗುವಲ್ಲಿ ಕೊನೆಯ ಕಂಬ. ನಾನಿನ್ನೂ ದೂರದಲ್ಲಿದ್ದೆ. ಆ ದೀಪ ಒಮ್ಮೆಲೇ ಝಗ್ಗೆಂದು ಬೆಳಗಿತು. ಕೆಳಗೆ ಯಾರೂ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಮಂಕಾಯಿತು, ಮತ್ತೆ ಬೆಳಗಿತು. ಗಾಳಿಯಿರಲಿಲ್ಲ, ಪಕ್ಕದ ತೋಟದ ಒಂದು ಗರಿಯೂ ಅಲುಗುತ್ತಿರಲಿಲ್ಲ. ನನ್ನ ಮುಂದೆ ಹೋಗುತ್ತಿದ್ದ ನಾಯಿ ಆ ಬೆಳಕಿನ ಅಂಚಿಗೆ ಬಂದು ನಿಂತು, ಒಳಗೆ ಕಾಲಿಡದೆ ಅಲ್ಲೇ ಕೂತಿತು. ಆಫೀಸಿನಲ್ಲಿ ನನ್ನ ಬಾಯಿಗೆ ಹೆದರುವವರಿದ್ದಾರೆ. ಅಲ್ಲಿ ನನ್ನ ಬಾಯಿ ಒಣಗಿತು.

ಆಗ ಎಡಗಡೆ ತೆಂಗಿನ ತೋಟದೊಳಗೆ ಟಾರ್ಚು ಬೆಳಕುಗಳು ಸಾಲಾಗಿ ಸಾಗುತ್ತಿರುವುದು ಕಂಡಿತು. ಹಾಲಿನ ಕ್ಯಾನು ಹಿಡಿದ ಹೆಂಗಸರು. ಕಣ್ಣೆದುರೇ ದೀಪದ ಬೀದಿಯಿದ್ದರೂ ಕತ್ತಲ ತೋಟದಲ್ಲಿ, ಗರಿ ಕೊಳೆತ ಹುಳಹುಪ್ಪಟೆಯ ಜಾಗದಲ್ಲಿ ಡೈರಿಗೆ ಹೋಗುತ್ತಿದ್ದರು. ನಾನೂ ಎಡವುತ್ತಾ ಅವರ ಹಿಂದೆ ಬಿದ್ದೆ.

ಸಾಲಿನ ಕೊನೆಯಲ್ಲಿದ್ದ ವಯಸ್ಸಾದ ಹೆಂಗಸು ಟಾರ್ಚು ನನ್ನ ಮುಖಕ್ಕೆ ಬಿಟ್ಟರು. "ಯಾರವ್ವ ನೀನು? ಆ ಕಂಬದ ತಾವಿಂದ ಬಂದ್ಯಾ?"

ದೀಪ ಹಾಕಿಸಿದವರ ಕಡೆಯವಳು ಅಂದೆ. ಉಳಿದವರು ಮುಂದೆ ಹೋದರು. ಆಕೆ ನಿಂತರು.

ಅವರ ಗಂಡ ಹೊಲದಿಂದ ಬರುವಾಗ ಆ ತಿರುವಿನಲ್ಲೇ ಎದೆನೋವೆಂದು ಕುಸಿದು ತೀರಿಕೊಂಡಿದ್ದರು. ಜೀವ ಹೋದ ಜಾಗದಲ್ಲಿ ತಿಥಿಯವರೆಗೆ ದೀಪ ಉರಿಸುವುದು ಅವರ ಮನೆಯ ರೂಢಿ. ತಿಥಿಯ ಸಂಜೆ ಹೆಂಡತಿ ಅದನ್ನು ಆರಿಸಿ, ನೀರು ಬಿಟ್ಟು, ತಿರುಗಿ ನೋಡದೆ ಮನೆಗೆ ಬರಬೇಕು. ಆಗಲೇ ಹೋದವರು ಹೋದ ಲೆಕ್ಕ. ನಮ್ಮವರು ಕಂಬ ನೆಟ್ಟದ್ದು ಅದೇ ದಿನ.

"ಹಣತೆ ಆರ್ಸ್ದೆ ಕಣವ್ವ. ತಲೆ ಮ್ಯಾಲೆ ನಿಮ್ಮ ದೀಪ ತಾನಾಗೇ ಹತ್ಕೊಂತು. ನಾನು ಕಳ್ಸಿಕೊಟ್ಟೆ, ನೀವು ತಡೆದು ನಿಲ್ಲಿಸ್ಬುಟ್ರಿ. ಅವತ್ತಿಂದ ಒಂದ್ ರಾತ್ರೀನೂ ಆರಿಲ್ಲ. ಅವ್ರೂ ಹೋಗಿಲ್ಲ."

"ನಮ್ಮ ಆಫೀಸಿಗೆ ಹೇಳ್ಬೇಕಿತ್ತಮ್ಮ."

"ಎಷ್ಟು ಕಿತ ಫೋನ್ ಮಾಡ್ಸ್ದೆ. ದೀಪ ಕೆಟ್ಟೋಗೈತಾ ಅಂತಾರೆ. ಇಲ್ಲಪ್ಪ, ಚೆನ್ನಾಗ್ ಉರೀತೈತೆ, ಒಂದಿನ ಆರ್ಸ್ಕೊಡಿ ಅಂದ್ರೆ ನಗ್ತಾರೆ. ವರ್ಷದ ಎಡೆ ಹತ್ರ ಬಂತು. ಅಷ್ಟರೊಳಗೆ ಕಳ್ಸ್ಬೇಕು. ಇಲ್ದಿದ್ರೆ ಪಾಪ, ಅಲ್ಲೇ ನಿಂತ್ಕಂಡಿರ್ತಾರೆ."

ಊರಿಗೆ ಆ ಕಂಬವೆಂದರೆ ಹೆದರಿಕೆ. ಈಕೆಗೆ ಗಂಡ ಬೀದಿಯಲ್ಲಿ ನಿಂತಿದ್ದಾನಲ್ಲ ಎಂಬ ಸಂಕಟ.

ಒಂದು ಸಂಜೆಯ ಮಟ್ಟಿಗೆ ಆ ದೀಪ ಆರಿಸೋಣವೆಂದರೆ ಮೇಡಂ ಸುತರಾಂ ಒಪ್ಪಲಿಲ್ಲ. "ಇವ್ಯಾಲ್ಯುಯೇಶನ್ ಮುಗಿಯೋವರ್ಗೂ ಒಂದು ದೀಪಾನೂ ಮುಟ್ಬೇಡಿ" ಅಂದರು. ಮುಗಿಯುವಷ್ಟರಲ್ಲಿ ವರ್ಷದ ಎಡೆ ದಾಟಿಹೋಗುತ್ತಿತ್ತು. ಹಾಗಾದರೆ ಇವ್ಯಾಲ್ಯುಯೇಶನ್ನಿನೊಳಗೇ ಆರಿಸಬೇಕು ಎಂದುಕೊಂಡು ಟಿಓಆರ್ ಮುಂದಿಟ್ಟುಕೊಂಡು ಕೂತೆ. ಭೇಟಿ ಸೂರ್ಯ ಮುಳುಗಿದ ಮೇಲೆ. ಆ ಹಳ್ಳಿಗೆ ಎರಡು ಸಂಜೆ. ಊರವರು ಕೇಳಿದರೆ ಮೌಲ್ಯಮಾಪಕರು ಒಂದು ದೀಪ ಆರಿಸಿ ನೋಡಬಹುದು. ದೀಪದ ಬೀದಿ ಬಿಟ್ಟು ಬೇರೆ ದಾರಿಯಲ್ಲಿ ನಡೆಯುವವರನ್ನು ಹುಡುಕಿ ಮಾತಾಡಿಸಬೇಕು. ಆರಿದ ದೀಪ ಕಂಡರೆ ಆರಿಸಿದ್ದು ಯಾರು, ಯಾಕೆ ಎಂದು ಕೇಳಿ ಬರೆದುಕೊಳ್ಳಬೇಕು. ಎಲ್ಲಕ್ಕಿಂತ ಮೇಲೆ ಒಂದೇ ಪ್ರಶ್ನೆ: ಈ ದೀಪ ಯಾರಿಗೆ ಉರಿಯುತ್ತಿದೆ?

ಮೇಡಂ ಓದಿ ಕನ್ನಡಕ ತೆಗೆದರು. "ದೆವ್ವಕ್ಕೂ ಒಂದು ಪ್ರಶ್ನೆ ಬರ್ದಿದೀರಲ್ರೀ."

"ದೆವ್ವ ಉತ್ತರ ಕೊಟ್ರೆ ಅದನ್ನೂ ಹಾಕೋಣ ಮೇಡಂ. ಆದ್ರೆ ಯಾರೂ ಓಡಾಡದ ಬೀದೀಲಿ ದೀಪ ಉರೀತಿದೆ ಅಂತ ಬರ್ಕೊಂಡ್ರೆ ಎರಡನೇ ಹಂತದಲ್ಲೂ ಇದನ್ನೇ ಮಾಡ್ತೀವಿ."

ಮೇಡಂ ಗೊಣಗಿಕೊಂಡೇ ಸಹಿ ಹಾಕಿದರು.

ವರ್ಷದ ಎಡೆಗೆ ಮೊದಲೇ ಬಂದ ಮೌಲ್ಯಮಾಪಕರು ಕಡಿಮೆ ಮಾತಿನ ಮನುಷ್ಯ. ಮೊದಲ ಸಂಜೆ ಆ ವಯಸ್ಸಾದ ಹೆಂಗಸಿನ ಮಾತನ್ನು ಪೂರ್ತಿ ಕೇಳಿಸಿಕೊಂಡು, "ಆರಿಸಿ" ಅಂದರು. ನಮ್ಮ ಎಲೆಕ್ಟ್ರಿಷಿಯನ್ ಏಣಿ ಹತ್ತಿ ಬ್ಯಾಟರಿಯನ್ನೇ ಬಿಚ್ಚಿ ಕೆಳಗಿಳಿಸಿದ. ತಿರುವು ಕತ್ತಲಾಯಿತು. ಆಕೆ ಕಂಬದ ಬುಡಕ್ಕೆ ಚೆಂಬಿನ ನೀರು ಬಿಟ್ಟರು. "ಇನ್ನ ಹೊಂಟೋಗಿ. ಇಲ್ಲೇನೂ ಕೆಲ್ಸ ಇಲ್ಲ ನಿಮ್ಗೆ. ಹಸಾನೂ ಚೆನ್ನಾಗೈತೆ" ಅಂದರು. ತಿರುಗಿ ನೋಡಬಾರದೆಂದು ನಮಗೂ ಹೇಳಿ ಮುಂದೆ ನಡೆದರು.

ಹತ್ತು ಹೆಜ್ಜೆಯೂ ಹೋಗಿರಲಿಲ್ಲ. ನಮ್ಮ ನೆರಳುಗಳು ಇದ್ದಕ್ಕಿದ್ದಂತೆ ಮುಂದೆ ಉದ್ದಕ್ಕೆ ಬಿದ್ದವು. ಹಿಂದಿನಿಂದ ಬೆಳಕು. ಬ್ಯಾಟರಿ ಎಲೆಕ್ಟ್ರಿಷಿಯನ್ನಿನ ಕಂಕುಳಲ್ಲಿತ್ತು. ಯಾರೂ ತಿರುಗಲಿಲ್ಲ. ಬೆಳಕು ಒಂದು ಗಳಿಗೆ ನಿಂತು ಆರಿತು.

"ಹೊಂಟ್ರು" ಅಂದರು ಆಕೆ.

ಮಾರನೆಯ ದಿನ ಬ್ಯಾಟರಿ ಕೂರಿಸಿದೆವು. ಸಂಜೆ ತಿರುವಿನ ದೀಪ ಮಂಕಾಗಿ ಹೊತ್ತಿಕೊಂಡು, ಮಂಕಾಗಿಯೇ ಉಳಿಯಿತು. ನಾವು ದೂರದ ಜಗಲಿಯಲ್ಲಿ ಕೂತು ಕಾದೆವು. ತೋಟದ ಕಡೆ ಟಾರ್ಚುಗಳು ಎಂದಿನಂತೆ ಹೊರಟವು. ಅವುಗಳಲ್ಲಿ ಒಂದು ಸಾಲು ಬಿಟ್ಟು ಬೀದಿಗೆ ಬಂತು. ಆಕೆ ಟಾರ್ಚು ಆರಿಸಿ, ಕ್ಯಾನು ಹಿಡಿದು ಕಂಬದ ಕೆಳಗೆ ಬಂದರು. ದೀಪ ಬೆಳಗಿತು. ತಲೆಯೆತ್ತಿ ನೋಡುತ್ತಾ ನಿಂತುಬಿಟ್ಟರು.

ಮೌಲ್ಯಮಾಪಕರು ಕಾಗದ ಹಿಡಿದು ಹತ್ತಿರ ಹೋಗಿ ನಾನು ಬರೆದ ಪ್ರಶ್ನೆಯನ್ನು ಹಾಗೇ ಓದಿದರು. "ಅಮ್ಮ, ಈ ದೀಪ ಯಾರಿಗೆ ಉರೀತಿದೆ?"

ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಇವತ್ತಿಂದ ನನ್ಗೇ ಕಣಪ್ಪ. ನನ್ನೊಬ್ಳಿಗೇ."