ನಮ್ಮ ಮನೆಯ ಮುಂದೆ ನಿಂತ ಕೊಳಲು

ನಮ್ಮ ಮನೆಯ ಹತ್ತಿರ ಬರುತ್ತಿದ್ದಂತೆ ಕೊಳಲುಗಳು ಒಮ್ಮೆಲೇ ನಿಂತವು. ಪಕ್ಕದ ಮನೆಯ ರೇಡಿಯೊ ಒಂದೇ ಕೇಳಿಸತೊಡಗಿತು.

ಮುದ್ದೇಬಿಹಾಳ ತಾಲ್ಲೂಕಿನ ನಮ್ಮೂರಲ್ಲಿ ಶ್ರಾವಣ ಸೋಮವಾರ ಕೊಳಲು ಮೇಳದವರು ಊದುತ್ತ ಓಣಿ ಓಣಿ ಸುತ್ತಿ ಗುಡಿಗೆ ಹೋಗುತ್ತಾರೆ. ನಮ್ಮ ಅತ್ತೆಯ ಕಾಲಕ್ಕಿಂತ ಹಿಂದಿನ ಮೇಳ ಅದು. ಮೇಳದವನೊಬ್ಬ ತೀರಿಕೊಂಡರೆ ಆ ವರ್ಷ ಅವನ ಮನೆಯ ಮುಂದೆ ಊದದೆ ಸುಮ್ಮನೆ ದಾಟುತ್ತಾರೆ. ಮೇಳದಲ್ಲಿ ಊದುತ್ತಿದ್ದ ನಮ್ಮ ಮನೆಯವರು ಆ ವರ್ಷ ಹೋಳಿ ಹುಣ್ಣಿಮೆಗೆ ಮುಂಚೆ ತೀರಿಕೊಂಡಿದ್ದರು.

ರೊಟ್ಟಿ ಬಡಿಯುವುದು ಬಿಟ್ಟು, ಹಿಟ್ಟಿನ ಕೈಯಲ್ಲೇ ಹೋಗಿ ಮೇಳದ ಮುಂದಾಳು ಭೀಮಪ್ಪನಿಗೆ ಅಡ್ಡ ನಿಂತೆ.

"ಯಾಕೋ ಭೀಮಪ್ಪ, ನಿಲ್ಲಿಸಿಬಿಟ್ಟಿ?"

"ದುಃಖದ ಮನಿ ಐತಿ ವೈನಿ. ಊದಬಾರದು."

"ಸತ್ತಾಂವ ನನ್ನ ಗಂಡ. ನನ್ನ ಕಿವಿ ಸತ್ತಿಲ್ಲ. ಊದು."

ಅವರು ಮುಖ ಮುಖ ನೋಡಿಕೊಂಡರು. ಹಿಂದಿನಿಂದ ಯಾರೋ, "ಊದ್ರೋ, ಇಲ್ಲಾಂದ್ರ ಹಿಟ್ಟಿನ ಕೈಲೇನ ಬಡೀತಾಳ" ಎಂದು ನಕ್ಕ. ಭೀಮಪ್ಪ ಕೊಳಲು ಎತ್ತಿದ.

ನಮ್ಮ ಮನೆಯವರು ಸಾಲಿನ ಕೊನೆಗೆ ನಿಲ್ಲುತ್ತಿದ್ದರು. ಆ ಜಾಗದಲ್ಲಿ ಯಾರೂ ಇರಲಿಲ್ಲ. ಅವರೊಬ್ಬರ ಕೊಳಲು ಇಲ್ಲದ್ದಕ್ಕೆ ಹಾಡು ಎಲ್ಲಾದರೂ ಸೊರಗೀತು ಎಂದು ಬಾಗಿಲಿಗೆ ಒರಗಿ, ಕಿವಿಗೊಟ್ಟು ಕೇಳಿದೆ. ಎಲ್ಲೂ ಸೊರಗಲಿಲ್ಲ. ಅವರು ಇದ್ದಾಗ ಹೇಗಿತ್ತೋ ಹಾಗೇ ಇತ್ತು, ಓಣಿ ತುಂಬ.

ಒಂದು ಕಡೆಯಾದರೂ ಕಡಿಮೆ ಬಿದ್ದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಈಗಲೂ ಮೇಳ ಬಂದಾಗ ಬಾಗಿಲಲ್ಲಿ ನಿಂತು ಆ ಕೊರತೆಯನ್ನೇ ಹುಡುಕುತ್ತೇನೆ.