ಕೊಯ್ನಾದಿಂದ ಜೈನಾಪುರಕ್ಕೆ, ಇಬ್ಬರು ಮಕ್ಕಳೊಂದಿಗೆ

ಸೋಮವಾರ ಬೆಳಗಿನ ಜಾವ ನಾಲ್ಕು ಗಂಟೆ ಇಪ್ಪತ್ತೊಂದು ನಿಮಿಷಕ್ಕೆ ಭೂಮಿ ನಡುಗಿತು. ನಿಮಿಷದ ಲೆಕ್ಕ ಆಮೇಲೆ ಪತ್ರಿಕೆಗಳಲ್ಲಿ ಬಂದದ್ದು. ನನಗೆ ಗೊತ್ತಾದದ್ದು ಸದ್ದು ಮಾತ್ರ: ನೆಲದ ಒಳಗೆ ಕಲ್ಲು ತುಂಬಿದ ನೂರು ಚಕ್ಕಡಿಗಳನ್ನು ಒಮ್ಮೆಲೇ ಓಡಿಸಿದ ಹಾಗೆ. ನಾನು ಹೊರಗೆ ಹೇಗೆ ಬಂದೆನೋ ಇಂದಿಗೂ ನೆನಪಾಗುವುದಿಲ್ಲ. ಹಿಂದಿರುಗಿ ನೋಡಿದಾಗ ಎದುರಿನ ಕೂಲಿ ಚಾಳು ಇರಲಿಲ್ಲ, ಧೂಳಿತ್ತು.

ಅದು ೧೯೬೭ರ ಡಿಸೆಂಬರ್. ಕೊಯ್ನಾ ಅಣೆಕಟ್ಟಿನ ಕೆಲಸಕ್ಕೆ ಬಂದಿದ್ದ ನಮ್ಮ ಸೀಮೆಯ ಕೂಲಿಗಳ ಮಕ್ಕಳಿಗೆ ನಾನು ಅಲ್ಲಿ ಕನ್ನಡ ಕಲಿಸುತ್ತಿದ್ದೆ. ವಿಜಾಪುರದಲ್ಲಿ ಬಿ.ಎ. ಮುಗಿಸಿ ಹೋದ ಮೊದಲ ಕೆಲಸ. ಅಲ್ಲಿ ನೆಲ ಆಗಾಗ ಸಣ್ಣಗೆ ಅಲುಗುವುದು ರೂಢಿಯಾಗಿತ್ತು. ಹಿಂದಿನ ಶನಿವಾರವೂ ಮಕ್ಕಳ ಪಾಟಿ ಬಳಪಗಳು ಗಡಗಡ ಎಂದಾಗ, "ಇದು ದಿನಾ ಇರೂದ, ಅಂಜಬ್ಯಾಡ್ರಿ" ಎಂದು ತರಗತಿಗೆ ಹೇಳಿದವಳು ನಾನೇ.

ಆ ತರಗತಿಯ ರತ್ನವ್ವನಿಗೆ ಒಂಬತ್ತು ವರ್ಷ, ಅವಳ ತಮ್ಮ ಶಿವೂಗೆ ನಾಲ್ಕು. ತಂದೆತಾಯಿ ಇಬ್ಬರೂ ಗೋಡೆಯ ಕೆಳಗೆ ಹೋದರು. ಬಬಲೇಶ್ವರದ ಹತ್ತಿರ ಜೈನಾಪುರದಲ್ಲಿ ಸೋದರಮಾವ ಇದ್ದಾನೆಂದು ಹುಡುಗಿ ಹೇಳಿದಳು. ಗುರುವಾರ ಇಬ್ಬರನ್ನೂ ಕರೆದುಕೊಂಡು ಹೊರಟೆ. ಪರಿಹಾರದ ಲಾರಿಯಲ್ಲಿ ಕರಾಡ, ಅಲ್ಲಿಂದ ರೈಲಿನಲ್ಲಿ ಮೀರಜ, ಶುಕ್ರವಾರ ಅಥಣಿಯ ಮೇಲೆ ವಿಜಾಪುರದ ಬಸ್ಸು. ನನಗೆ ಪೂರ್ತಿ ಟಿಕೀಟು, ರತ್ನವ್ವನಿಗೆ ಅರ್ಧ.

ಬಸ್ಸು ಅಲುಗಿದಾಗಲೆಲ್ಲ ನಾನು ಕಿಟಕಿಯ ಸರಳು ಹಿಡಿಯುತ್ತಿದ್ದೆ. ಟಿಕೋಟಾದಲ್ಲಿ ಚಹಕ್ಕೆ ನಿಲ್ಲಿಸಿದರು. ಅಲ್ಲಿ ಘೋಣಸಗಿಯ ಹೆಂಗಸೊಬ್ಬಳು ಶೇಂಗಾದ ಬುಟ್ಟಿಯೊಡನೆ ಹತ್ತಿ ನಮ್ಮ ಎದುರು ಕುಳಿತಳು. ಶಿವೂನ ತಲೆ ವಾಲಿದಾಗಲೆಲ್ಲ ರತ್ನವ್ವ ಅವನ ತೋಳು ಚಿವುಟುತ್ತಿದ್ದಳು. ತೋಳಿನ ತುಂಬ ನೀಲಿ ಕಲೆಗಳಿದ್ದವು. ಅವನು ಅಳುವುದನ್ನೂ ಬಿಟ್ಟಿದ್ದ.

"ಯಾಕ ಬೇ, ಹಂಗ ಹಿಂಡತಿ ಕೂಸಿನ್ನ? ಅದೇನು ಹಿಟ್ಟಿನ ಮುದ್ದಿ ಏನು? ಮಲಗಲಿ ಬಿಡು" ಎಂದಳು ಆ ಹೆಂಗಸು.

"ಮಲಗಿದ್ರ ಸಾಯ್ತಾನ" ಎಂದಳು ರತ್ನವ್ವ.

ಹೆಂಗಸು ನನ್ನ ಮುಖ ನೋಡಿದಳು. ನಾನು ಕಿಟಕಿಯ ಕಡೆ ತಿರುಗಿದೆ. ಮುಂದಿನ ಹನ್ನೆರಡು ಮೈಲಿ ಅವಳು ಶೇಂಗಾ ಸುಲಿದು ಸುಲಿದು ಹುಡುಗಿಯ ಉಡಿಗೆ ಹಾಕುತ್ತಿದ್ದಳು. ಹುಡುಗಿ ಒಂದನ್ನೂ ತಿನ್ನಲಿಲ್ಲ.

ವಿಜಾಪುರದಲ್ಲಿ ನಮ್ಮ ಮನೆ ಅಥಣಿ ರಸ್ತೆಗೇ ಇದೆ. ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ. ಮಕ್ಕಳು ಹೊಸ್ತಿಲ ಹೊರಗೇ ನಿಂತರು. ನನ್ನ ತಾಯಿ ಅಂಗಳಕ್ಕೇ ರೊಟ್ಟಿ, ಪುಂಡಿಪಲ್ಯ ತಂದುಕೊಟ್ಟು, ಕೌದಿ ಹಾಸಿ, "ಮಲಕೋ ನನ್ನವ್ವ, ಸುಮ್ಮನ ಮಲಕೋ" ಎಂದು ತಲೆ ಸವರಿದಳು. ಆ ಮಾತಿಗೆ ಹುಡುಗಿ ಚಾಟಿ ಬಿದ್ದವಳಂತೆ ಎದ್ದು ತಮ್ಮನನ್ನು ಎಳೆದುಕೊಂಡು ರಸ್ತೆಗೆ ಓಡಿದಳು. ಹಿಡಿದು ತಂದ ಮೇಲೆ, ಹಲ್ಲು ಕಟಕಟಿಸುತ್ತ, ನಾಲ್ಕು ದಿನದಲ್ಲಿ ಮೊದಲ ಸಲ ನಡೆದದ್ದನ್ನು ಹೇಳಿದಳು. "ನೆಲ ಅಳ್ಳಾಡಾಕತ್ತೈತಿ ಅಂತ ಅವ್ವಗ ಹೇಳಿದ್ನಿ. 'ಅದು ದಿನಾ ಇರೂದ, ಅಕ್ಕೋರ ಹೇಳ್ಯಾರ ಅಂತ ನೀನ ಅಂದಿ ಅಲಾ, ಸುಮ್ಮನ ಮಲಕೋ' ಅಂದ್ಲು ಅವ್ವ. ಶಿವೂ ಉಚ್ಚಿ ಬಂತಂದ. ಹೊರಗ ಕರಕೊಂಡು ಬಂದ್ನಿ."

ಅಕ್ಕೋರು ಎಂದರೆ ನಾನು.

ಆ ರಾತ್ರಿ ನಾನೂ ಅಂಗಳದಲ್ಲೇ ಕುಳಿತೆ. ತೂಗುಹಾಕಿದ್ದ ಕಂದೀಲು ಅಲುಗುತ್ತದೆಯೇ ಎಂದು ನೋಡುತ್ತ ಬೆಳಗು ಮಾಡಿದೆ. ರತ್ನವ್ವ ಅಂಗೈಯನ್ನು ನೆಲಕ್ಕೆ ಊರಿಕೊಂಡೇ ಇದ್ದಳು. ಮುಂಜಾನೆ ಶಿವೂನ ಮೈ ಸುಡುತ್ತಿತ್ತು. ಓಣಿಯ ಡಾಕ್ಟರರು ಎದೆ ಪರೀಕ್ಷಿಸಿ, "ಜ್ವರಕ್ಕ ಔಷಧ ಕೊಡತೇನಿ. ಆದರ ಹುಡುಗ ನಿದ್ದಿ ಮಾಡಬೇಕು. ಹಿಂಗ ಇನ್ನ ನಾಕು ದಿನಾ ಹೋದ್ರ ಕೈ ಮೀರತೈತಿ ನೋಡ್ರಿ" ಎಂದರು. ಅಕ್ಕ ಬಿಡದೆ ತಮ್ಮ ಮಲಗುವಂತಿರಲಿಲ್ಲ.

ಶನಿವಾರ ಬಬಲೇಶ್ವರದ ಬಸ್ಸು ಹಿಡಿದೆವು. ಹದಿನೈದು ಮೈಲಿ. ಅಲ್ಲಿಂದ ಜೈನಾಪುರಕ್ಕೆ ಚಕ್ಕಡಿ ಸಿಕ್ಕಿತು. ಎರಡೂ ಕಡೆ ಎದೆಯೆತ್ತರದ ಬಿಳಿಜೋಳ, ಮೇಲೆ ಚಳಿಗಾಳಿ. ಮಾವ ಸಿದ್ದಪ್ಪ ಮಕ್ಕಳನ್ನು ಅಪ್ಪಿಕೊಂಡು ಗಂಡಸೆನ್ನುವುದನ್ನೂ ಮರೆತು ಅತ್ತ. ಆದರೆ ಅವರು ಒಳಗೆ ಬರುವುದಿಲ್ಲ ಎಂದಾಗ ಮುಖ ಬಿಗಿಯಿತು. "ಸತ್ತ ತಂಗಿ ಮಕ್ಕಳನ್ನ ಸಿದ್ದಪ್ಪ ಚಳಿಯಾಗ ಹೊರಗ ಕುಂದರಿಸ್ಯಾನ ಅಂತ ಊರಾಗ ಆಡಿಕೊಳ್ಳೂದಿಲ್ಲೇನ್ರಿ ಅಕ್ಕೋರ?" ನಾನು ಬಲವಂತ ಬೇಡವೆಂದೆ. ಕತ್ತಲಾಗುತ್ತಲೇ ಅವನು ಇಬ್ಬರನ್ನೂ ಎತ್ತಿಕೊಂಡು ಹೋಗಿ ಒಳಕೋಣೆಯಲ್ಲಿ ಬಿಟ್ಟು ಅಗುಳಿ ಹಾಕಿದ. "ಒಂದು ತಾಸು ಅತ್ತು ತಾವ ಮಲಗತಾವು" ಎಂದ.

ಹುಡುಗಿ ಅಳಲಿಲ್ಲ. ಬಾಗಿಲನ್ನೂ ಬಡಿಯಲಿಲ್ಲ. ನನಗೆ ಹೆದರಿಕೆಯಾದದ್ದು ಅದಕ್ಕೇ. ಸ್ವಲ್ಪ ಹೊತ್ತಿಗೆ ಒಳಗೆ ಮಾಳಿಗೆಯ ಮಣ್ಣು ಉದುರಿದ ಸದ್ದಾಯಿತು. ಸಿದ್ದಪ್ಪ ಅಗುಳಿ ತೆಗೆದ. ಜೋಳದ ಚೀಲಗಳ ಮೇಲೆ ಅರೆ ತುಂಬಿದ ಚೀಲ ಎಳೆದು, ಅದರ ತುದಿಯಲ್ಲಿ ನಿಂತು, ರತ್ನವ್ವ ತಮ್ಮನನ್ನು ಮಾಳಿಗೆಯ ಬೆಳಕಿಂಡಿಯಿಂದ ಮೇಲಕ್ಕೆ ನೂಕುತ್ತಿದ್ದಳು. ಹುಡುಗನ ತಲೆ, ಒಂದು ತೋಳು ಹೊರಗೆ, ಉಳಿದದ್ದು ತೂಗಾಡುತ್ತಿತ್ತು. ಅಷ್ಟರಲ್ಲಿ ಅವಳ ಕಾಲ ಕೆಳಗಿನ ಚೀಲ ಜಾರಿತು. ಸಿದ್ದಪ್ಪ ಹಾರಿ ಶಿವೂನ ಕಾಲು ಹಿಡಿಯದಿದ್ದರೆ ಕುತ್ತಿಗೆ ಬೆಳಕಿಂಡಿಯ ಕಲ್ಲಿನ ಅಂಚಿನಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಆ ನೋಟ ಈಗಲೂ ಕಣ್ಣು ಮುಚ್ಚಿದರೆ ಬರುತ್ತದೆ. ಸಿದ್ದಪ್ಪ ಹುಡುಗನನ್ನು ಕೆಳಗಿಳಿಸಿ, "ನಾನ ಕೊಲ್ಲತಿದ್ನಲ್ರಿ" ಎಂದ. ಮತ್ತೆ ಯಾರೂ ಊರಿನ ಮಾತೆತ್ತಲಿಲ್ಲ.

ಭಾನುವಾರ ಸಂಜೆ ಅವನೇ ನಮ್ಮನ್ನು ತನ್ನ ಹೊಲಕ್ಕೆ ಕರೆದೊಯ್ದ. ಬೀಳು ಬಿಟ್ಟ ತುಂಡಿನಲ್ಲಿ ಗೊಬ್ಬರಕ್ಕಾಗಿ ಕುರಿ ನಿಲ್ಲಿಸಿದ್ದರು. ಸುತ್ತ ಬಲೆ, ಒಳಗೆ ಇನ್ನೂರು ಕುರಿ, ಹೊರಗೆ ಬೆಂಕಿ. ಕುರುಬ ಬೀರಪ್ಪ ಅರವತ್ತರ ಮುದುಕ. ವಿಷಯ ಕೇಳಿ ಹುಡುಗಿಯನ್ನು ಮೇಲಿಂದ ಕೆಳಗೆ ನೋಡಿದ.

"ರಾತ್ರಿ ಎಲ್ಲಾ ಎಚ್ಚರಿರತೀ ಏನು?"

"ಹೂಂ."

"ಚಲೋ ಆತು. ನನ್ನ ಮಗ ಹೆಂಡತಿ ಊರಿಗಿ ಹೋಗ್ಯಾನ. ಅವ ಇದ್ರೂ ಗೊರಕಿ ಹೊಡದು ತೋಳಕ್ಕ ದಾರಿ ತೋರಸಾಂವ. ಮೊದಲನೇ ಪಾಳಿ ನಿಂದು, ಎರಡನೇದು ನಂದು. ಆಕಾಶದಾಗಿನ ಆ ದೊಡ್ಡ ಚಿಕ್ಕಿ ಬನ್ನಿಗಿಡದ ಮ್ಯಾಲ ಬಂದಾಗ ನನ್ನ ಎಬ್ಬಸು. ಎಬ್ಬಸಲಿಲ್ಲಂದ್ರ ಬೈತೇನಿ."

"ನೆಲ ಅಳ್ಳಾಡಿದ್ರ?"

"ನನಗಿಂತ ಮೊದಲ ಕುರಿಗಿ ತಿಳೀತೈತಿ. ಅವು ಮೆಲುಕಾಡತಿದ್ರ ನೆಲ ಸುಮ್ಮನೈತಿ. ಎದ್ದು ನಿಂತ್ರ ನನ್ನ ಒದಿ."

ಅವನು ಮಲಗೆನ್ನಲಿಲ್ಲ. ತನ್ನ ಬಡಿಗೆಯನ್ನು ಅವಳ ಕೈಗೆ ಕೊಟ್ಟ, ಅಷ್ಟೇ.

ಆ ರಾತ್ರಿ ಅವಳು ಅವನನ್ನು ಏಳು ಸಲ ಎಬ್ಬಿಸಿದಳು. ಏಳು ಸಲವೂ ಅವನು ಎದ್ದು, ಬಲೆ ಸುತ್ತಿ ಬಂದು, "ಸುಮ್ಮನ ಅದಾವು" ಎಂದು ವರದಿ ಕೊಟ್ಟ. ಅವನ ಪಾಳಿಯಲ್ಲೂ ಅವಳು ಕಣ್ಣು ಬಿಟ್ಟೇ ಇದ್ದಳು. ಸೋಮವಾರ ರಾತ್ರಿ ಶಿವೂ ಒಂದು ಕುರಿಮರಿಗೆ ಆನಿಕೊಂಡು ತೂಕಡಿಸಿದ. ಅವಳ ಕೈ ಅವನ ತೋಳಿನವರೆಗೆ ಹೋಯಿತು. ಕುರಿಗಳನ್ನು ನೋಡಿದಳು, ಬಹಳ ಹೊತ್ತು ನೋಡಿದಳು. ಕೈ ಹಿಂದಕ್ಕೆ ತೆಗೆದುಕೊಂಡಳು. ಮಂಗಳವಾರ ಅವನ ಜ್ವರ ಇಳಿಯಿತು. ಬೀರಪ್ಪನ ಪಾಳಿಯಲ್ಲಿ ಅವಳು ಒಂದು ತಾಸು ಕಣ್ಣು ಮುಚ್ಚಿ, ಚೀರಿ ಎದ್ದಳು.

ಎರಡು ದಿನಕ್ಕೆಂದು ಹೋದ ನಾನು ಬುಧವಾರವೂ ಅಲ್ಲೇ ಇದ್ದೆ. ಅಂದು ಉಂಡಾದ ಮೇಲೆ ರತ್ನವ್ವ ಬಡಿಗೆಯನ್ನು ನನ್ನ ಮುಂದೆ ಹಿಡಿದಳು.

"ಇವತ್ತ ನನ್ನ ಪಾಳಿ ನೀವು ಮಾಡ್ರಿ ಅಕ್ಕೋರ. ಖರೇನ ಎಚ್ಚರಿರಬೇಕು ಮತ್ತ."

"ಇರತೇನಿ" ಎಂದೆ.

"ಅಳ್ಳಾಡಿದ್ರ, ಅದು ದಿನಾ ಇರೂದ ಅನಬ್ಯಾಡ್ರಿ."

"ಅನ್ನೂದಿಲ್ಲ."

ಅವಳು ತಮ್ಮನ ಪಕ್ಕದಲ್ಲಿ ಕಂಬಳಿ ಹೊದ್ದಳು. ನಾನು ಕುರಿಗಳ ದವಡೆಗಳನ್ನೇ ನೋಡುತ್ತ ಕುಳಿತೆ. ಗಾಳಿಗೆ ಜೋಳ ಸರಸರ ಎಂದಾಗಲೆಲ್ಲ ಎದ್ದು ಓಡಬೇಕೆನಿಸಿತು, ಓಡಲಿಲ್ಲ. ಚುಕ್ಕಿ ಬನ್ನಿಗಿಡದ ಮೇಲೆ ಬಂದಾಗಲೂ ಬೀರಪ್ಪನನ್ನು ಎಬ್ಬಿಸಲಿಲ್ಲ. ಅವನು ತಾನೇ ಎದ್ದು ಬಂದು ಪಕ್ಕದಲ್ಲಿ ಕುಳಿತ, ಬೈಯಲಿಲ್ಲ.

ಬಿಸಿಲು ಬಿದ್ದು ಕುರಿ ಬಿಡುವ ಹೊತ್ತಾಯಿತು. ಬಲೆಯ ಬಾಗಿಲ ಹತ್ತಿರವೇ ಮಕ್ಕಳಿಬ್ಬರೂ ಗಾಢ ನಿದ್ದೆಯಲ್ಲಿದ್ದರು. ಬೀರಪ್ಪ ಸದ್ದಾಗದಂತೆ ಆಚೆ ಬದಿಯ ಗೂಟ ಕಿತ್ತು, ಇನ್ನೂರು ಕುರಿಗಳನ್ನೂ ಆ ಕಡೆಯಿಂದ ಒಂದೊಂದಾಗಿ ಬಿಟ್ಟ.