ಪೆಟ್ಟಿಗೆಯ ಮೇಲಿನ ಹಸಿ ಗೋಣಿ

ಆರನೆಯ ಇಯತ್ತೆಗೇ ಶಾಲೆ ಬಿಟ್ಟು ಅಪ್ಪನ ಹಿಂದೆ ಶಹಾಪುರದ ಆಚೆ ಕಾಲುವೆ ಅಗೆಯಲು ಹೋದವನು ನಾನು. ಕಾಲುವೆಗೆ ನೀರು ಬಂದ ಮೇಲೆ ಅಲ್ಲಿ ನಮಗೆ ಕೆಲಸ ಉಳಿಯಲಿಲ್ಲ. ನಾಲ್ಕಾರು ವರ್ಷ ಅದೂ ಇದೂ ಮಾಡಿ, ಕೊನೆಗೆ ಯಾದಗಿರಿಯ ಒಂದು ರಕ್ತನಿಧಿಯಲ್ಲಿ ಪೆಟ್ಟಿಗೆ ಒಯ್ಯುವವನಾದೆ. ರಕ್ತದ ಚೀಲಗಳನ್ನು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟುಕೊಂಡು ಬಸ್ಸಿನಲ್ಲಿ ಶಹಾಪುರ, ಅಲ್ಲಿಂದ ಸುರಪುರ. ಇಷ್ಟು ವರ್ಷಗಳಲ್ಲಿ ನನ್ನ ಕೈಯಲ್ಲಿ ಒಂದು ಚೀಲವೂ ಕೆಟ್ಟಿಲ್ಲ. ಹೇಳಿಕೊಳ್ಳಲು ನನಗೆ ಸಂಕೋಚವೇನಿಲ್ಲ.

ಅದಕ್ಕೆ ನನ್ನದೇ ಒಂದು ಪದ್ಧತಿ ಇತ್ತು. ಕಾಲುವೆ ಕೆಲಸದಲ್ಲಿ ಕುಡಿಯುವ ನೀರಿನ ಕೊಡಕ್ಕೆ ಹಸಿ ಗೋಣಿ ಸುತ್ತುತ್ತಿದ್ದೆವು. ಸುಡುವ ಮಧ್ಯಾಹ್ನದಲ್ಲೂ ನೀರು ತಣ್ಣಗಿರುತ್ತಿತ್ತು. ಬಸ್ಸು ಹತ್ತಿದೊಡನೆ ಪೆಟ್ಟಿಗೆಗೂ ಹಾಗೆಯೇ ಸುತ್ತುತ್ತಿದ್ದೆ. ಕಾಲುವೆಯ ಸೇತುವೆಯ ಹತ್ತಿರ ಬಸ್ಸು ಚಹಾಕ್ಕೆ ನಿಂತಾಗ ಇಳಿದು ಮತ್ತೆ ನೆನೆಸಿಕೊಂಡು ಬರುತ್ತಿದ್ದೆ. ಕಾಲುವೆ ಬಂದ್ ಇರುವ ತಿಂಗಳುಗಳಲ್ಲಿ ಚಹಾದಂಗಡಿಯ ನೀರಿನ ತೊಟ್ಟಿಯೇ ಗತಿ.

"ಏನ್ ಮಾವ, ಪೆಟ್ಟಿಗಿಗಿ ದಿನಾ ಜಳಕ ಮಾಡಸ್ತಿ. ನಿಂದು ಆಗ್ಯಾದೋ ಇಲ್ಲೋ?" ಎಂದು ಕಂಡಕ್ಟರ್ ಕೆಣಕುತ್ತಿದ್ದ.

"ನಂದು ಮುಂಜಾನಿನೇ ಆಗ್ಯಾದ. ನಿನ್ನ ಬಸ್ಸಿಂದು ನೋಡ್ಕೋ ಸಾಹೇಬ, ಯಾವ ಕಾಲಕ್ಕ ಆಗ್ಯಾದೋ!"

ಒಮ್ಮೆ ಸುರಪುರದ ದವಾಖಾನೆಯ ನರ್ಸಮ್ಮ ಎಲ್ಲರೆದುರು, "ಈ ಹೊಲಸ್ ಗೋಣಿಚೀಲ ಒಳಗ್ಯಾಕ ತಂದಿ?" ಎಂದುಬಿಟ್ಟರು. ಅವತ್ತಿನಿಂದ ಬಸ್ ನಿಲ್ದಾಣದಲ್ಲೇ ಗೋಣಿ ಬಿಚ್ಚಿ, ಹಿಂಡಿ, ಕೈಚೀಲದೊಳಗೆ ತುರುಕಿ, ಪೆಟ್ಟಿಗೆ ಒರೆಸಿಕೊಂಡು ಒಳಗೆ ಹೋಗತೊಡಗಿದೆ. ಯಾದಗಿರಿಯಲ್ಲೂ ಅದನ್ನು ಯಾರಿಗೂ ತೋರಿಸುತ್ತಿರಲಿಲ್ಲ.

ಹೀಗಿರುವಾಗ ನಮ್ಮಲ್ಲಿಗೆ ಒಬ್ಬ ಡಾಕ್ಟರ್ ಬಂದರು. ಕಲಬುರಗಿ ಕಡೆಯ ಹೆಣ್ಣುಮಗಳು, ರಕ್ತ ಏರಿಸುವ ವಿದ್ಯೆಯನ್ನೇ ಓದಿದವರು. ಹೊಸದಾಗಿ ಸಂಶೋಧನೆಗೆ ಇಳಿಯುವವರಿಗೆ ಕೊಡುವ ಒಂದು ಅನುದಾನಕ್ಕೆ ಅರ್ಜಿ ಹಾಕುವವರಿದ್ದರು. ಅದಕ್ಕೆ ವಯಸ್ಸಿನ ಮಿತಿ ಇತ್ತು. ಅವರಿಗೆ ಅದೇ ಕೊನೆಯ ವರ್ಷ. ನಮ್ಮ ಬಿಸಿಲಲ್ಲಿ, ಬಸ್ಸಿನಲ್ಲಿ, ರಕ್ತ ಎಷ್ಟು ಬಿಸಿಯಾಗುತ್ತದೆ ಎಂದು ತಿಳಿದು, ಇಂಥ ಊರುಗಳಿಗೆ ತಕ್ಕ ಪೆಟ್ಟಿಗೆ ಮಾಡಬೇಕೆಂಬುದು ಅವರ ವಿಚಾರ.

"ಬಂತಂದ್ರ ಇಲ್ಲೇ ಇದ್ದು ಕೆಲಸ ಮಾಡ್ತೀನಿ ಅಣ್ಣಾ. ಇಲ್ಲಂದ್ರ ಯಾವ್ದಾರ ದೊಡ್ಡ ದವಾಖಾನಿ ಡ್ಯೂಟಿನೇ ಗತಿ," ಎಂದಿದ್ದರು.

ಪೆಟ್ಟಿಗೆಯೊಳಗೆ ತಂತಿ ಬಿಟ್ಟ ಥರ್ಮಾಮೀಟರನ್ನೂ ಒಂದು ವಹಿಯನ್ನೂ ನನಗೆ ಕೊಟ್ಟರು. ವಹಿಯಲ್ಲಿ ಮೂರು ಖಾನೆ: ಊರು, ವೇಳೆ, ಡಿಗ್ರಿ.

"ದಿನಾ ಹ್ಯಾಂಗ ಒಯ್ತೀರೋ ಹಂಗ ಒಯ್ರಿ. ಏನೂ ಬದಲ್ ಮಾಡಬ್ಯಾಡ್ರಿ. ಕಂಡಿದ್ದಷ್ಟ ಬರೀರಿ."

ಹಾಗೇ ಒಯ್ದೆ, ಹಾಗೇ ಬರೆದೆ. ಬೇಸಿಗೆ ಪೂರ್ತಿ ಒಂದು ದಿನವೂ ತಪ್ಪಿಸಲಿಲ್ಲ. ಹತ್ತು ಡಿಗ್ರಿ ದಾಟಬಾರದು ಎಂದಿದ್ದರು, ಒಮ್ಮೆಯೂ ದಾಟಲಿಲ್ಲ. ಅವರು ವಹಿಯ ಹಾಳೆಗಳನ್ನು ಹಿಂದೆ ಮುಂದೆ ತಿರುವಿ ನೋಡಿದರು.

"ಇಷ್ಟ್ ತಣ್ಣಗ ಇರ್ತದನಾ?"

"ಒಯ್ಯಾಂವ ಯಾರ್ರಿ ಮೇಡಂ, ನಾ ಅಲ್ಲೇನ್ರಿ?" ಎಂದೆ. ಎದೆ ಉಬ್ಬಿತ್ತು.

ಅವರು ಒಂದು ಅಂಕಿಯನ್ನೂ ತಿದ್ದಲಿಲ್ಲ. ಇದ್ದದ್ದನ್ನು ಇದ್ದ ಹಾಗೇ ಅರ್ಜಿಯ ಜೊತೆ ಕಳಿಸಿದರು.

ಕೆಲವು ತಿಂಗಳ ಮೇಲೆ ಉತ್ತರದ ಪತ್ರ ಬಂದಾಗ ನನ್ನನ್ನು ಕರೆದು, ಇಂಗ್ಲಿಷಿನಲ್ಲಿದ್ದುದನ್ನು ಕನ್ನಡದಲ್ಲಿ ಹೇಳಿದರು. ರಕ್ತ ಸುರಕ್ಷಿತವಾಗಿಯೇ ತಲುಪುತ್ತಿದೆ ಎಂದು ನಿಮ್ಮ ಅಂಕಿಗಳೇ ತೋರಿಸುತ್ತವೆ, ಮತ್ತೆ ಸಂಶೋಧಿಸುವುದೇನಿದೆ ಎಂದು ಕೇಳಿ ಅನುದಾನ ಕೊಡುವವರು ಅರ್ಜಿ ತಿರಸ್ಕರಿಸಿದ್ದರಂತೆ. ಡಾಕ್ಟರ ಧ್ವನಿಯಲ್ಲಿ ಸಿಟ್ಟಿರಲಿಲ್ಲ. "ಬರೇ ಡಬ್ಬಿ ಈ ಬಿಸಿಲ ಹ್ಯಾಂಗ ತಡೀತು, ಅದೇ ತಿಳೀವಲ್ದು," ಎಂದರು.

ನಾನು ಹೋಗಿ ಕೈಚೀಲ ತಂದು ಗೋಣಿಯನ್ನು ಮೇಜಿನ ಮೇಲಿಟ್ಟೆ. ಇನ್ನೂ ಹಸಿಯಾಗಿತ್ತು.

"ಇದೇನ್ರಿ?"

"ಪೆಟ್ಟಿಗಿಗಿ ಸುತ್ತತೀನ್ರಿ. ದಾರಿ ತುಂಬ."

"ಬ್ಯಾಸಗಿ ಪೂರಾ?"

"ಮದಲಿಂದಾನೂ ರಿ."

"ಯಾಕ ಹೇಳಲಿಲ್ಲ?"

"ವಹಿದಾಗ ಅದಕ ಖಾನಿ ಇರಲಿಲ್ರಿ."

ಅದು ಅರ್ಧ ನಿಜ. ಉಳಿದರ್ಧ ನನಗೆ ಗೊತ್ತಿತ್ತು, ಹೇಳಲಿಲ್ಲ.

ಅವರು ಗೋಣಿಯ ಮೇಲೆ ಕೈಯಿಟ್ಟರು. "ಇದನ್ನ ಬರೀಬೇಕಾಗಿತ್ತಲ್ರಿ ಅಣ್ಣಾ. ಗೋಣಿ ಸುತ್ತಿ ಒಂದಿನ, ಸುತ್ತಲಾರದ ಒಂದಿನ. ಇದೇ ಸಂಶೋಧನಾ ಆಗ್ತಿತ್ತು."

"ಈಗ ಬರೀತೀನ್ರಿ. ನಾಳಿಂದಾನೇ."

"ನನ್ನ ವಯಸ್ಸು ದಾಟ್ಯಾದ."

ನನಗೆ ಅಳು ಬರಲಿಲ್ಲ, ನಾಚಿಕೆಯೂ ಆಗಲಿಲ್ಲ. ಬಿಸಿಲಲ್ಲಿ ಬಹಳ ಹೊತ್ತು ಬುಟ್ಟಿ ಹೊತ್ತ ಮೇಲೆ ತಲೆ ತನ್ನದಲ್ಲ ಅನ್ನಿಸುತ್ತದಲ್ಲ, ಹಾಗಿತ್ತು. ಮೇಜಿನ ಮೇಲೆ ನೀರು ಹರಡಿತ್ತು. ಆ ಪತ್ರ ತೊಯ್ಯದಿರಲೆಂದು ಅವರೇ ಅದನ್ನು ಆಚೆ ಸರಿಸಿದರು.

ಮರುವರ್ಷದ ಮಳೆಗಾಲಕ್ಕೆ ಮುಂಚೆಯೇ ಅವರು ಹೋದರು. ಯಾವ ಊರಿಗೆಂದು ನಾನು ಕೇಳಲಿಲ್ಲ. ಹೋಗುವ ದಿನ ಥರ್ಮಾಮೀಟರ್ ತಿರುಗಿ ಕೊಡಲು ಹೋದರೆ, "ಇರ್ಲಿ ಬಿಡ್ರಿ, ನಿಮ್ಮ ಹತ್ರನೇ," ಎಂದರು.

ಮರುದಿನ ಸುರಪುರದಲ್ಲಿ ಇಳಿದವನು ಗೋಣಿ ಬಿಚ್ಚಲಿಲ್ಲ. ಹಾಗೆಯೇ ದವಾಖಾನೆಯೊಳಗೆ ಹೋದೆ. ನೆಲದ ಮೇಲೆ ನೀರು ತೊಟ್ಟಿಕ್ಕುತ್ತಾ ಬಂತು.

"ಮತ್ತ ತಂದೇನು ಆ ಚೀಲ? ನೆಲ ಯಾರ್ ಒರಸ್ಬೇಕು?" ಎಂದರು ನರ್ಸಮ್ಮ.

"ನಾನೇ ಒರಸ್ತೀನ್ರಿ," ಎಂದೆ. ಪೆಟ್ಟಿಗೆ ಒಪ್ಪಿಸಿ, ಡಿಗ್ರಿ ಬರೆದುಕೊಂಡು, ಬಾಗಿಲಿನ ತನಕ ಒರೆಸಿದೆ.